ದಡಾರ ವಾಸಿಯಾದ ಮೇಲೆ ಮಗುವಿಗೆ ಒಂದರ ಹಿಂದೆ ಒಂದು ಕಾಯಿಲೆ: ಇದಕ್ಕೂ ದಡಾರಕ್ಕೂ ಸಂಬಂಧ ಇದೆಯಾ?

ಹರಿಹರದ ಚಿಕ್ಕಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗನ ವಿಷಯ ಕೇಳಬೇಕಿತ್ತು. ನಾಲ್ಕು ವರ್ಷದ ಹುಡುಗ. ಅಕ್ಕ, ಭಾವ ಇಬ್ಬರೂ ಕಟ್ಟಡ ಕೆಲಸಕ್ಕೆ ಊರೂರು ತಿರುಗುವವರು. ಹಾಗಾಗಿ ಹುಟ್ಟಿದಾಗಿನ ಲಸಿಕೆ, ಆಮೇಲೆ ಮೂರೂವರೆ ತಿಂಗಳವರೆಗಿನವು ಆಗಿವೆ, ಒಂಬತ್ತು ತಿಂಗಳಿಂದ ಮುಂದಿನವೆಲ್ಲ ತಪ್ಪಿಹೋಗಿವೆ. ಈ ಬೇಸಿಗೆಯಲ್ಲಿ ಅವನಿಗೆ ದಡಾರ ಬಂತು. ಜ್ವರ, ಕೆಮ್ಮು, ಕೆಂಪು ಕಣ್ಣು, ಮೈತುಂಬ ದದ್ದು. ಅದೇನೋ ಇಳಿಯಿತು, ಹುಡುಗ ಆಟಕ್ಕೂ ಹೋದ.

ಆದರೆ ಅಲ್ಲಿಂದಾಚೆ ನೆಮ್ಮದಿ ಇಲ್ಲ. ಮೊದಲು ಕಿವಿ ಸೋರಲು ಶುರುವಾಯಿತು. ಆಮೇಲೆ ಭೇದಿ. ಈಗ ನ್ಯುಮೋನಿಯಾ ಅಂತ ಅಡ್ಮಿಟ್ ಮಾಡಿ ಕರೆದುಕೊಂಡು ಬಂದಿದ್ದಾರೆ. ಮೊದಲು ಇಷ್ಟು ಕಾಯಿಲೆ ಬೀಳುವ ಹುಡುಗ ಅಲ್ಲವೇ ಅಲ್ಲ. ಮಕ್ಕಳ ಡಾಕ್ಟರು "ದಡಾರ ಬಂದ ಮೇಲೆ ಹೀಗಾಗುತ್ತಮ್ಮ, ಮೈಗೆ ಹಳೇ ರೋಗಗಳ ನೆನಪೇ ಹೋಗಿಬಿಡುತ್ತೆ" ಅಂದರಂತೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಅಕ್ಕನಿಗೆ ಹೆಚ್ಚು ಕೇಳಲು ಆಗಲಿಲ್ಲ. ಮನೆಯಲ್ಲಿ ಅತ್ತೆ ಮಾತ್ರ ಅಮ್ಮ ಬಂದು ಹೋದರೆ ಮೈಯೊಳಗಿನ ಕೊಳೆ ಎಲ್ಲ ಹೋಗಿ ಮಗು ಗಟ್ಟಿಯಾಗುತ್ತೆ ಅಂತಲೇ ಹೇಳುತ್ತಿದ್ದಾರೆ.

ಒಂದು ವೈರಸ್ ಬಂದು ಹೋದರೆ ಬೇರೆ ರೋಗಗಳನ್ನು ತಡೆಯುವ ಶಕ್ತಿ ಹೋಗುವುದು ನಿಜವಾ? ಎಷ್ಟು ದಿನ ಹೀಗಿರುತ್ತದೆ? ಹಾಕಿಸಿದ ಹಳೇ ಲಸಿಕೆಗಳೂ ದಂಡವಾದವಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಬಿಳಿರಕ್ತಕಣ

ಡಾಕ್ಟರು ಹೇಳಿದ್ದು ನಿಜ. ನಾನು ಲ್ಯಾಬಿನಲ್ಲಿ ರೋಗ ನಿರೋಧಕ ಕಣಗಳ ಮೇಲೇ ಕೆಲಸ ಮಾಡುವುದು. ಈ ವಿಷಯ ಜನಕ್ಕೆ ಇನ್ನೂ ಸರಿಯಾಗಿ ಮುಟ್ಟಿಲ್ಲವಲ್ಲ ಅನ್ನುವ ಬೇಸರ ನನಗೆ ಯಾವಾಗಲೂ ಇದೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ದಡಾರ ಅಂದರೆ ಚರ್ಮದ ಕಾಯಿಲೆ ಅಂತ ನಾವು ಅಂದುಕೊಳ್ಳುತ್ತೇವೆ, ಯಾಕೆಂದರೆ ಕಣ್ಣಿಗೆ ಕಾಣುವುದು ದದ್ದು. ಅಸಲಿಗೆ ಅದು ಬಿಳಿ ರಕ್ತಕಣಗಳ ಕಾಯಿಲೆ. ಈ ವೈರಸ್ ಬಿಳಿ ರಕ್ತಕಣದೊಳಗೆ ನುಗ್ಗಬೇಕಾದರೆ ಆ ಕಣದ ಮೇಲೆ ಸಿಡಿ150 ಅನ್ನುವ ಪ್ರೋಟೀನ್ ಇರಬೇಕು, ಅದನ್ನೇ ಹಿಡಿದುಕೊಂಡು ಒಳಗೆ ಹೋಗುತ್ತದೆ. ಆ ಪ್ರೋಟೀನ್ ಇರುವುದೇ ರೋಗ ನಿರೋಧಕ ಕಣಗಳ ಮೇಲೆ. ಅದರಲ್ಲೂ 'ನೆನಪಿನ ಕಣ' ಅಂತ ಕರೆಯುವ ಟಿ ಮತ್ತು ಬಿ ಕಣಗಳ ಮೇಲೆ ಜಾಸ್ತಿ. ಹಿಂದೆ ಬಂದ ನೆಗಡಿ, ಭೇದಿ, ಕಿವಿ ಸೋಂಕು, ಹಾಕಿಸಿಕೊಂಡ ಲಸಿಕೆ, ಇವೆಲ್ಲದರ ಗುರುತು ಇಟ್ಟುಕೊಂಡಿರುವುದು ಇವೇ ಕಣಗಳು.

ಉಸಿರಿನ ಜೊತೆ ಒಳಗೆ ಹೋದ ವೈರಸ್ ಶ್ವಾಸಕೋಶದಲ್ಲಿ ಕಾವಲಿಗಿದ್ದ ಕಣಗಳನ್ನೇ ಹಿಡಿದು, ಅವುಗಳ ಒಳಗೆ ಕೂತು ಹತ್ತಿರದ ಗ್ರಂಥಿಗಳಿಗೆ ಹೋಗುತ್ತದೆ, ಅಲ್ಲಿ ಒಂದು ವಾರಕ್ಕೂ ಮೇಲ್ಪಟ್ಟು ಸದ್ದಿಲ್ಲದೆ ಬೆಳೆಯುತ್ತದೆ. ಆಮೇಲೆ ದೇಹ ಎಚ್ಚೆತ್ತು ಸೋಂಕು ತಗುಲಿದ ಕಣಗಳನ್ನೆಲ್ಲ ಕೊಲ್ಲಲು ಶುರು ಮಾಡುತ್ತದೆ. ದದ್ದು ಕಾಣುವುದು ಆಗಲೇ. ಅಂದರೆ ವೈರಸ್ ಸಾಯುತ್ತದೆ ನಿಜ, ಅದರ ಜೊತೆಗೆ ಹಳೇ ನೆನಪಿನ ಕಣಗಳೂ ರಾಶಿ ರಾಶಿ ಸಾಯುತ್ತವೆ.

ಇಲ್ಲೊಂದು ವಿಚಿತ್ರ ಇದೆ. ಒಂದೆರಡು ವಾರದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ಕಣಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಆದರೆ ಹಾಗೆ ಹೊಸದಾಗಿ ತುಂಬಿಕೊಂಡವುಗಳಲ್ಲಿ ಹೆಚ್ಚಿನವು ದಡಾರವನ್ನು ಮಾತ್ರ ಗುರುತು ಹಿಡಿಯುವ ಕಣಗಳು. ಊರಿನ ಕಳ್ಳರ ಮುಖವೆಲ್ಲ ಗೊತ್ತಿದ್ದ ಹಳೇ ತಳವಾರರು ಹೋಗಿ, ಅಷ್ಟೇ ಜನ ಹೊಸಬರು ಬಂದು ನಿಂತ ಹಾಗೆ, ಅವರಿಗೆ ಗೊತ್ತಿರುವುದು ಒಬ್ಬನೇ ಕಳ್ಳ. ಅದಕ್ಕೇ ಒಮ್ಮೆ ದಡಾರ ಬಂದವರಿಗೆ ದಡಾರ ಮತ್ತೆ ಬರುವುದಿಲ್ಲ ಅನ್ನುವಷ್ಟು ಗಟ್ಟಿ ರಕ್ಷಣೆ ಸಿಗುತ್ತದೆ, ಉಳಿದೆಲ್ಲ ರೋಗಕ್ಕೆ ಬಾಗಿಲು ತೆರೆದಿರುತ್ತದೆ. ನಿಮ್ಮ ಅತ್ತೆಯವರ ಮಾತು ದಡಾರದ ಮಟ್ಟಿಗೆ ಮಾತ್ರ ಸರಿ.

ಇದು ಹೊಸ ಸಂಗತಿಯೇನಲ್ಲ. 1908ರಲ್ಲೇ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಅನ್ನುವ ಮಕ್ಕಳ ವೈದ್ಯರು ಇದನ್ನು ಗಮನಿಸಿದ್ದರು. ಕ್ಷಯದ ಸೋಂಕು ಇರುವ ಮಕ್ಕಳ ಚರ್ಮಕ್ಕೆ ಟ್ಯೂಬರ್ಕ್ಯುಲಿನ್ (ಕ್ಷಯದ ರೋಗಾಣುವಿನಿಂದ ತೆಗೆದ ಸಾರ) ಹಾಕಿದರೆ ಊದಿಕೊಳ್ಳಬೇಕು. ಅದೇ ಮಕ್ಕಳಿಗೆ ದಡಾರ ಬಂದಾಗ ಆ ಊತ ಬರುವುದೇ ನಿಂತುಹೋಗುತ್ತಿತ್ತು. ಯಾಕೆ ಅಂತ ತಿಳಿಯಲು ನೂರು ವರ್ಷ ಹಿಡಿಯಿತು.

ಗಟ್ಟಿ ಪುರಾವೆ ಸಿಕ್ಕಿದ್ದು 2019ರಲ್ಲಿ. ನೆದರ್ಲೆಂಡ್ಸ್‌ನಲ್ಲಿ ಧಾರ್ಮಿಕ ಕಾರಣಕ್ಕೆ ಲಸಿಕೆ ಹಾಕಿಸದ ಸಮುದಾಯಗಳಿವೆ. 2013ರಲ್ಲಿ ಅಲ್ಲಿ ದಡಾರ ಹಬ್ಬಿತು. ಅಲ್ಲಿನ 77 ಮಕ್ಕಳ ರಕ್ತವನ್ನು ದಡಾರ ಬರುವ ಮುಂಚೆ ಒಮ್ಮೆ, ಬಂದು ಹೋಗಿ ಸುಮಾರು ಎರಡು ತಿಂಗಳಾದ ಮೇಲೆ ಒಮ್ಮೆ ತೆಗೆದಿದ್ದರು. ಎರಡನ್ನೂ ಹೋಲಿಸಿ ನೋಡಿದರೆ, ಮೊದಲು ಇದ್ದ ಆಂಟಿಬಾಡಿಗಳಲ್ಲಿ, ಅಂದರೆ ರೋಗಾಣುವನ್ನು ಗುರುತು ಹಿಡಿದು ಅಂಟಿಕೊಳ್ಳುವ ರಕ್ತದ ಪ್ರೋಟೀನ್‌ಗಳಲ್ಲಿ, ಶೇಕಡಾ 11ರಿಂದ 73ರಷ್ಟು ಕಾಣೆಯಾಗಿದ್ದವು! ಕೆಲವು ಮಕ್ಕಳಿಗೆ ಸ್ವಲ್ಪ, ಕೆಲವರಿಗೆ ಮುಕ್ಕಾಲುಪಾಲು. ಹಾಗಾಗಿ ನಿಮ್ಮ ಹುಡುಗನಿಗೆ ಎಷ್ಟು ಹೋಗಿದೆ ಅಂತ ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ.

ಎಷ್ಟು ದಿನ ಅಂತ ಕೇಳಿದಿರಿ. 2015ರಲ್ಲಿ ಬಂದ ಒಂದು ಅಧ್ಯಯನ ಇಂಗ್ಲೆಂಡ್, ಅಮೆರಿಕ, ಡೆನ್ಮಾರ್ಕ್‌ಗಳ ಹಳೇ ಸಾವಿನ ದಾಖಲೆ ತೆಗೆದು ನೋಡಿತು. ದಡಾರ ಹೆಚ್ಚಾದ ವರ್ಷದಿಂದ ಮುಂದಿನ ಎರಡು ಮೂರು ವರ್ಷ ಬೇರೆ ಸೋಂಕುಗಳಿಂದ ಸಾಯುವ ಮಕ್ಕಳ ಸಂಖ್ಯೆಯೂ ಹೆಚ್ಚಿರುತ್ತಿತ್ತು. ಹೆದರಿಸಲು ಹೇಳುತ್ತಿಲ್ಲ. ಈಗ ಆಂಟಿಬಯಾಟಿಕ್ ಇದೆ, ಆಸ್ಪತ್ರೆ ಇದೆ. ಮೈ ಮತ್ತೆ ಒಂದೊಂದೇ ರೋಗಾಣುವನ್ನು ಕಂಡು ಕಲಿಯುತ್ತಾ ಹೋಗುತ್ತದೆ. ಆದರೆ ಅಷ್ಟು ಕಾಲ ಆ ಹುಡುಗನ ಜ್ವರವನ್ನು ಸಾಮಾನ್ಯ ಜ್ವರ ಅಂತ ಬಿಡಬೇಡಿ ಅಂತ ಅಕ್ಕನಿಗೆ ಹೇಳಿ.

ಸಿಸ್ಟರ್ ಚಿಕ್ಕನಾಯಕನಹಳ್ಳಿ ಕಡೆ

ತಂಗಿ, ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಎನ್‌ಎಂ. ಮೇಲಿನವರು ವಿಜ್ಞಾನ ಚೆನ್ನಾಗಿ ಹೇಳಿದ್ದಾರೆ. ಮಾಡಬೇಕಾದ ಕೆಲಸ ನಾನು ಹೇಳುತ್ತೇನೆ.

ಮೊದಲನೆಯದಾಗಿ ವಿಟಮಿನ್ ಎ ಕೊಟ್ಟಿದ್ದರಾ ಕೇಳಿ. ದಡಾರ ಬಂದ ಮಗುವಿಗೆ ಒಂದು ವರ್ಷ ದಾಟಿದ್ದರೆ ಮೊದಲ ದಿನ 2 ಲಕ್ಷ ಯೂನಿಟ್, ಮಾರನೇ ದಿನ ಮತ್ತೆ ಅಷ್ಟೇ ಕೊಡುತ್ತಾರೆ. ದಡಾರದಲ್ಲಿ ಮೈಯಲ್ಲಿರುವ ವಿಟಮಿನ್ ಎ ಖಾಲಿಯಾಗುತ್ತದೆ, ಕಣ್ಣಿಗೆ ಹೂವು ಬಿದ್ದು ಕುರುಡಾಗುವುದೂ ಉಂಟು. ಕೊಟ್ಟಿಲ್ಲದಿದ್ದರೆ ಡಾಕ್ಟರಿಗೆ ಹೇಳಿ, ನೀವಾಗಿ ಅಂಗಡಿಯಿಂದ ತಂದು ಹಾಕಬೇಡಿ. ಜಾಸ್ತಿಯಾದರೆ ಅದೂ ವಿಷವೇ.

ಇನ್ನು ಲಸಿಕೆ. ದಡಾರ ಬಂದು ಹೋಯಿತಲ್ಲ, ಇನ್ನು ದಡಾರ-ರುಬೆಲ್ಲಾ ಲಸಿಕೆ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಹಾಕಿಸಬೇಕು. ಬಂದಿದ್ದು ದಡಾರವೇ ಅಂತ ರಕ್ತ ಪರೀಕ್ಷೆ ಆಗದೆ ಖಚಿತ ಇರುವುದಿಲ್ಲ, ದಡಾರವೇ ಆಗಿದ್ದರೂ ಅದರಿಂದ ರುಬೆಲ್ಲಾಕ್ಕೆ ರಕ್ಷಣೆ ಸಿಗುವುದಿಲ್ಲ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ತಪ್ಪಿಹೋದ ಮಕ್ಕಳಿಗೆ 5 ವರ್ಷದವರೆಗೆ ಕೊಡುತ್ತೇವೆ. ಒಂದೂವರೆ ವರ್ಷಕ್ಕೆ ಆಗಬೇಕಿದ್ದ ಡಿಪಿಟಿ ಬೂಸ್ಟರ್ ಮತ್ತು ಪೋಲಿಯೋ ಬೂಸ್ಟರ್ ಕೂಡ ತಪ್ಪಿರಬೇಕು, ಡಿಪಿಟಿ 7 ವರ್ಷದವರೆಗೂ ಆಗುತ್ತದೆ. ಅವನಿಗೆ ಈಗ ಗಂಟಲುಮಾರಿ, ನಾಯಿಕೆಮ್ಮಿನ ರಕ್ಷಣೆ ಎಷ್ಟು ಉಳಿದಿದೆಯೋ, ಬೂಸ್ಟರ್ ಬಿದ್ದರೆ ಅದು ಮತ್ತೆ ಏರುತ್ತದೆ. ಹಳೇ ಲಸಿಕೆಗಳನ್ನೆಲ್ಲ ಮೊದಲಿನಿಂದ ಹಾಕಿಸುವ ಪದ್ಧತಿ ನಮ್ಮಲ್ಲಿ ಇಲ್ಲ, ಬಾಕಿ ಇರುವುದನ್ನು ತಡಮಾಡದೆ ಮುಗಿಸುವುದು ಮುಖ್ಯ. ನ್ಯುಮೋಕಾಕಲ್, ಫ್ಲೂ ಲಸಿಕೆ ಬಗ್ಗೆ ಮಕ್ಕಳ ಡಾಕ್ಟರನ್ನೇ ಕೇಳಿ, ನ್ಯುಮೋನಿಯಾ ಆಗಿರುವುದರಿಂದ ಅವರೇ ಹೇಳಬಹುದು.

ತಾಯಿ ಕಾರ್ಡ್ ಕಳೆದುಹೋಗಿದೆ ಅಂತ ಹೆದರಿ ಬರದೆ ಇರುವವರನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಕಾರ್ಡ್ ಇಲ್ಲದಿದ್ದರೂ ಲಸಿಕೆ ಹಾಕುತ್ತಾರೆ. ಬೇರೆ ಊರಿನವರಾದರೂ ಹಾಕುತ್ತಾರೆ. ಕೆಲಸ ನಡೆಯುವ ಜಾಗದ ಹತ್ತಿರದ ಅಂಗನವಾಡಿಗೋ ಆಶಾ ಕಾರ್ಯಕರ್ತೆಗೋ ಒಂದು ಮಾತು ಹೇಳಿದರೆ ಸಾಕು.

ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯಾ ನೋಡಿ. ಇದ್ದರೆ ಮೊದಲು ಕಫ ಪರೀಕ್ಷೆ ಮಾಡಿಸಿ. ದಡಾರ ಆದ ಮಗುವಿನ ಪಕ್ಕ ಟಿಬಿ ಇರುವವರು ಮಲಗಬಾರದು. ಮಗು ಜೋರಾಗಿ ಉಸಿರಾಡಿದರೆ, ಪಕ್ಕೆ ಸೆಳೆದರೆ, ನೀರು ಕುಡಿಯದಿದ್ದರೆ, ಮಂಕಾಗಿ ಮಲಗಿಬಿಟ್ಟರೆ ರಾತ್ರಿಯಾದರೂ ಸರಿ, ಹೊರಡಿ.

ಅತ್ತೆಯವರಿಗೆ ಎದುರು ಮಾತಾಡಬೇಡಿ. ಬೇವಿನ ಸೊಪ್ಪು ಇಡಲಿ, ಪೂಜೆ ಮಾಡಲಿ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಎಣ್ಣೆ ತಾಗಿಸಬಾರದು ಅಂತ ಮಗುವಿಗೆ ಬರೀ ಗಂಜಿ ತಿಳಿ ಕೊಡುತ್ತಾರಲ್ಲ, ಅದೊಂದು ಬೇಡ ಅಂತ ಪ್ರೀತಿಯಿಂದ ಹೇಳಿ. ಮೊಟ್ಟೆ, ಬೇಳೆ, ಸೊಪ್ಪು, ಪಪ್ಪಾಯಿ, ಹಾಲು ಎಲ್ಲ ಕೊಡಿ. ಈ ಮಗುವಿಗೆ ಈಗ ಊಟವೂ ಔಷಧಿಯೇ.

ಹರಿಹರದ ಚಿಕ್ಕಮ್ಮ

ಸಿಸ್ಟರ್, ಕೈ ಮುಗಿಯುತ್ತೇನೆ. ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ವಿಟಮಿನ್ ಎ ಅಡ್ಮಿಟ್ ಆದಾಗ ಕೊಟ್ಟಿದ್ದಾರಂತೆ. ಭಾವನದು ಒಂದು ಪ್ರಶ್ನೆ ಇದೆ. ದಡಾರದ ಲಸಿಕೆಯಲ್ಲೂ ಜೀವ ಇರುವ ವೈರಸ್ಸೇ ಇರುತ್ತೆ ಅಂತ ಯಾರೋ ಹೇಳಿದ್ದಾರೆ. ಹಾಗಾದರೆ ಲಸಿಕೆಯಿಂದಲೂ ನೆನಪು ಅಳಿಸುತ್ತಲ್ವಾ ಅಂತ ಅವರಿಗೆ ಭಯ.

ಹಳೇ ಕಾಲದವನು

ಎಲ್ಲರೂ ಸುಮ್ನೆ ಭಯ ಹುಟ್ಟಿಸುತ್ತಿದ್ದೀರಿ ಅನಿಸುತ್ತದೆ. ನಾವೆಲ್ಲ ಚಿಕ್ಕವರಿದ್ದಾಗ ಮನೆಯಲ್ಲಿ ಒಬ್ಬರಿಗೆ ಬಂದರೆ ಸಾಲಾಗಿ ಎಲ್ಲರಿಗೂ ದಡಾರ ಬರುತ್ತಿತ್ತು, ಎಲ್ಲರೂ ಬದುಕಿದ್ದೇವೆ. ಕಾಯಿಲೆ ಬಂದು ಹೋದರೆ ತಾನೇ ಮೈ ಗಟ್ಟಿಯಾಗುವುದು? ಹೀಗೆ ನೋಡಿದರೆ ಪ್ರತಿ ನೆಗಡಿಗೂ ಇಮ್ಯುನಿಟಿ ಹೋಗುತ್ತೆ ಅನ್ನಬೇಕಾಗುತ್ತದೆ.

ಬಿಳಿರಕ್ತಕಣ

ಇಬ್ಬರಿಗೂ ಉತ್ತರ.

ಮೊದಲು ಭಾವನವರ ಪ್ರಶ್ನೆ, ಒಳ್ಳೆಯ ಪ್ರಶ್ನೆ ಅದು. ಲಸಿಕೆಯಲ್ಲಿ ಇರುವುದು ಜೀವಂತ ವೈರಸ್ಸೇ, ಆದರೆ ಶಕ್ತಿ ಕುಂದಿಸಿದ್ದು. ಅದು ಮೈತುಂಬ ಹರಡಿ ನೆನಪಿನ ಕಣಗಳನ್ನು ಬರಿದು ಮಾಡುವಷ್ಟು ಬೆಳೆಯುವುದಿಲ್ಲ. 2019ರ ಅದೇ ಅಧ್ಯಯನದಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳ ರಕ್ತವನ್ನೂ ನೋಡಿದ್ದರು, ಅವರಲ್ಲಿ ಹಳೇ ಆಂಟಿಬಾಡಿ ಹೀಗೆ ಕಾಣೆಯಾಗಿರಲಿಲ್ಲ. ಲಸಿಕೆ ಹಾಕಿಸಿದ ಕೆಲವು ವಾರ ಟಿಬಿಯ ಚರ್ಮ ಪರೀಕ್ಷೆ ತಪ್ಪು ಫಲಿತಾಂಶ ಕೊಡಬಹುದು ಅಂತ ಡಾಕ್ಟರುಗಳು ಆ ಪರೀಕ್ಷೆಯನ್ನು ಮುಂದಕ್ಕೆ ಹಾಕುವುದುಂಟು. ಅಷ್ಟೇ. ಅದು ಸ್ವಲ್ಪ ದಿನದ ಮಾತು.

ಹಿರಿಯರೇ, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಬದುಕಿ ಉಳಿದವರು ಮಾತ್ರ ಇವತ್ತು ಇಲ್ಲಿ ಬರೆಯಲು ಸಾಧ್ಯ. 1963ರಲ್ಲಿ ಲಸಿಕೆ ಬರುವ ಮುಂಚೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ದಡಾರದಿಂದ ಸಾಯುತ್ತಿದ್ದರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದಡಾರ ಹೋದ ಎಷ್ಟೋ ತಿಂಗಳಾದ ಮೇಲೆ ಭೇದಿಗೋ ನ್ಯುಮೋನಿಯಾಕ್ಕೋ ತೀರಿಕೊಂಡ ಮಗುವನ್ನು ದಡಾರದ ಲೆಕ್ಕಕ್ಕೆ ಯಾರೂ ಸೇರಿಸುತ್ತಿರಲಿಲ್ಲ.

ದೂರದ ಮಾತೂ ಬೇಡ. 2019ರಲ್ಲಿ ಸಮೋವಾ ಅನ್ನುವ ಎರಡು ಲಕ್ಷ ಜನರ ದ್ವೀಪ ದೇಶದಲ್ಲಿ ದಡಾರ ಹಬ್ಬಿ 83 ಜನ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಅದಕ್ಕೂ ಹಿಂದಿನ ವರ್ಷ ಲಸಿಕೆಯ ಪುಡಿಗೆ ನೀರಿನ ಬದಲು ತಪ್ಪಾಗಿ ಬೇರೆ ಔಷಧಿ ಬೆರೆಸಿ ಇಬ್ಬರು ಕೂಸುಗಳು ತೀರಿಕೊಂಡಿದ್ದವು. ಆ ಭಯಕ್ಕೆ ಲಸಿಕೆ ಹಾಕಿಸುವವರ ಸಂಖ್ಯೆಯೇ ಕುಸಿದುಬಿತ್ತು. ಆಮೇಲೆ ಆದದ್ದು ಇದು.

ಎಲ್ಲ ವೈರಸ್ಸೂ ಹೀಗಲ್ಲ ಅನ್ನುವುದು ಮಾತ್ರ ನಿಜ, ಅದನ್ನು ನೀವು ಎತ್ತಿದ್ದು ಒಳ್ಳೆಯದಾಯಿತು. ನೆಗಡಿಯ ರೈನೋವೈರಸ್ ನೆನಪಿನ ಕಣಗಳ ತಂಟೆಗೆ ಹೋಗುವುದಿಲ್ಲ. ಅದು ಮೂಗಿನಲ್ಲಿರುವಾಗ ಮೈ ಇಂಟರ್ಫೆರಾನ್ ಅನ್ನುವ ರಾಸಾಯನಿಕ ಹೊರಡಿಸುತ್ತದೆ, ಅದು ಅಕ್ಕಪಕ್ಕದ ಕಣಗಳನ್ನೆಲ್ಲ ಎಚ್ಚರಿಸಿ, ಆ ಕೆಲವು ದಿನ ಬೇರೆ ವೈರಸ್ಸಿಗೂ ಜಾಗ ಕೊಡದ ಹಾಗೆ ಮಾಡಬಲ್ಲದು. 2009ರಲ್ಲಿ ಎಚ್1ಎನ್1 ಫ್ಲೂ ಯುರೋಪಿನ ಕೆಲವು ದೇಶಗಳಲ್ಲಿ ತಡವಾಗಿ ಹಬ್ಬಿದ್ದಕ್ಕೆ ಆಗ ಅಲ್ಲಿ ಜೋರಾಗಿದ್ದ ನೆಗಡಿಯೇ ಕಾರಣ ಇರಬಹುದು ಅಂತ ಕೆಲವು ವಿಜ್ಞಾನಿಗಳು ವಾದಿಸಿದ್ದಾರೆ. ಒಂದೊಂದು ವೈರಸ್ಸಿನದು ಒಂದೊಂದು ದಾರಿ.

ಕೊಪ್ಪಳದ ಮೇಷ್ಟ್ರು

ಒಂದೊಂದು ವೈರಸ್ಸಿನದು ಒಂದೊಂದು ದಾರಿ ಅಂದಿರಲ್ಲ, ಅದಕ್ಕೆ ನನ್ನದೂ ಒಂದೆರಡು ಮಾತು. ನಮ್ಮ ಅಣ್ಣನಿಗೆ 2021ರಲ್ಲಿ ಕೋವಿಡ್ ಆಗಿ, ಅದು ಕಡಿಮೆಯಾಗಿ ಮನೆಗೆ ಬಂದ ಮೇಲೆ ಕಪ್ಪು ಶಿಲೀಂಧ್ರ ಹತ್ತಿತು. ಒಂದು ಕಣ್ಣು ತೆಗೆಯಬೇಕಾಯಿತು. ಆ ಶಿಲೀಂಧ್ರಕ್ಕೆ ಕೊಡುವ ಆಂಫೋಟೆರಿಸಿನ್ ಇಂಜೆಕ್ಷನ್‌ಗೆ ನಾವು ಅಲೆದಿದ್ದು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಆ ವರ್ಷ ಜೂನ್ ಮುಗಿಯುವ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಜಾಸ್ತಿ ಕೇಸು ಆಗಿದ್ದವು.

ಆಗಿನಿಂದ ನಾನು ಈ ವಿಷಯ ಹಟ ಹಿಡಿದು ಓದುತ್ತಿದ್ದೇನೆ. ಅಲ್ಲಿ ವೈರಸ್ ಒಂದನ್ನೇ ದೂರಲು ಬರುವುದಿಲ್ಲ. ಆ ಶಿಲೀಂಧ್ರ ಮಣ್ಣಿನಲ್ಲಿ, ಗಾಳಿಯಲ್ಲಿ ಎಲ್ಲ ಕಡೆ ಇರುವಂಥದ್ದು, ಸರಿಯಿರುವ ಮೈ ಅದನ್ನು ದಿನಾ ತಡೆಯುತ್ತಲೇ ಇರುತ್ತದೆ. ಅಣ್ಣನಿಗೆ ಮೊದಲೇ ಶುಗರ್ ಇತ್ತು. ಕೋವಿಡ್‌ನಲ್ಲಿ ಅದು ಇನ್ನೂ ಏರಿತು. ಮೇಲಿಂದ ಸ್ಟೀರಾಯ್ಡ್. ಉಸಿರು ಉಳಿಸಲು ಸ್ಟೀರಾಯ್ಡ್ ಬೇಕೇ ಇತ್ತು, ಆದರೆ ಅದು ರೋಗ ನಿರೋಧಕ ಕಣಗಳ ಕೈ ಕಟ್ಟುತ್ತದೆ, ಶುಗರನ್ನೂ ಏರಿಸುತ್ತದೆ. ಇವೆಲ್ಲ ಒಟ್ಟಿಗೆ ಸೇರಿದ್ದರಿಂದ ಆದ ಅನಾಹುತ.

ಫ್ಲೂನದು ಇನ್ನೊಂದು ಬಗೆ. 1918ರ ದೊಡ್ಡ ಜ್ವರದಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಫ್ಲೂ ಬಂದ ಮೇಲೆ ಶ್ವಾಸಕೋಶಕ್ಕೆ ನುಗ್ಗಿದ ಬ್ಯಾಕ್ಟೀರಿಯಾ ಅಂತ ಆಗ ತೆಗೆದಿಟ್ಟಿದ್ದ ಅಂಗಾಂಶಗಳನ್ನು ಮತ್ತೆ ಪರೀಕ್ಷಿಸಿ 2008ರಲ್ಲಿ ತೋರಿಸಿದ್ದಾರೆ. ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನು ಕಿತ್ತುಹಾಕುತ್ತದೆ, ಕಫವನ್ನು ಮೇಲೆ ತಳ್ಳುವ ಸಣ್ಣ ರೋಮಗಳು ಹೋಗುತ್ತವೆ. ವೈರಸ್ ವಿರುದ್ಧ ಹೋರಾಡಲು ಮೈ ಹೊರಡಿಸುವ ರಾಸಾಯನಿಕಗಳೇ ಬ್ಯಾಕ್ಟೀರಿಯಾ ನುಂಗುವ ಕಣಗಳನ್ನು ಮಂಕು ಮಾಡುತ್ತವೆ. ಹೀಗಾಗಿ ಒಂದು ವಾರದ ಆಸುಪಾಸು ಅಪಾಯದ ಹೊತ್ತು. ಜ್ವರ ಬಿಟ್ಟು, ಚೇತರಿಸಿಕೊಂಡ ಹಾಗೆ ಕಂಡು, ಮತ್ತೆ ಜ್ವರ ಬಂತೆಂದರೆ ತಡ ಮಾಡಬೇಡಿ. ದಡಾರದ ಹಾಗೆ ವರ್ಷಗಟ್ಟಲೆ ಅಲ್ಲ ಅನ್ನುವುದೊಂದು ಸಮಾಧಾನ.

ತುಂಗೆಯ ದಡದಿಂದ

ಡೆಂಗಿ ಬಗ್ಗೆ ಯಾರೂ ಹೇಳಲಿಲ್ಲ, ನಮ್ಮ ಕಡೆ ಮಳೆಗಾಲ ಬಂತೆಂದರೆ ಅದರದೇ ಚಿಂತೆ. ಅಲ್ಲಿ ಆಗುವುದು ಇದರ ಉಲ್ಟಾ. ನೆನಪು ಹೋಗುವುದಿಲ್ಲ, ಅರೆಬರೆ ನೆನಪೇ ಕಾಟ ಕೊಡುತ್ತದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದ ಮೇಲೆ ಬೇರೆ ಬಗೆ ಬಂದರೆ, ಹಳೇ ಆಂಟಿಬಾಡಿ ಅದಕ್ಕೆ ಅಂಟಿಕೊಳ್ಳುತ್ತದೆ ಆದರೆ ಕೊಲ್ಲಲು ಆಗುವುದಿಲ್ಲ, ಬದಲಿಗೆ ವೈರಸ್ ಬಿಳಿ ಕಣಗಳ ಒಳಗೆ ಹೋಗಲು ಅದೇ ಸಹಾಯ ಮಾಡುತ್ತದೆ. ಕ್ಯೂಬಾದಲ್ಲಿ 1977ರಲ್ಲಿ ಮೊದಲ ಬಗೆ ಬಂದಿತ್ತು, 1981ರಲ್ಲಿ ಎರಡನೆಯ ಬಗೆ ಬಂದಾಗ ಹಿಂದೆ ಸೋಂಕಾಗಿದ್ದವರಿಗೇ ತೀವ್ರ ಡೆಂಗಿ ಆಗಿದ್ದು ಹೆಚ್ಚು. ಹಾಗಾಗಿ ಒಮ್ಮೆ ಡೆಂಗಿ ಆದವರು ನನಗಿನ್ನು ಬರಲ್ಲ ಅಂತ ಸೊಳ್ಳೆ ಪರದೆ ಬಿಡಬೇಡಿ.

ಹರಿಹರದ ಚಿಕ್ಕಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರೇ, ನಿಮ್ಮ ಅಣ್ಣನ ವಿಷಯ ಓದಿ ಸಂಕಟವಾಯಿತು. ಸಿಸ್ಟರ್, ಕೊನೆಯದಾಗಿ ಒಂದು. ಅಕ್ಕನ ಶೆಡ್ಡಿನ ಪಕ್ಕದ ಶೆಡ್ಡಿನಲ್ಲಿ ಏಳು ತಿಂಗಳ ಕೂಸು ಇದೆ. ಅಲ್ಲೇ ಇನ್ನೊಂದು ಮಗುವಿಗೆ ನಿನ್ನೆಯಿಂದ ಜ್ವರ, ದದ್ದು ಕಾಣಿಸಿಕೊಂಡಿದೆಯಂತೆ. ಆ ಕೂಸಿಗೆ ಒಂಬತ್ತು ತಿಂಗಳು ಆಗಲಿ ಅಂತ ಕಾಯಬೇಕಾ?

ಸಿಸ್ಟರ್ ಚಿಕ್ಕನಾಯಕನಹಳ್ಳಿ ಕಡೆ

ಕಾಯಬೇಡಿ, ಇವತ್ತೇ ಅಲ್ಲಿನ ಆಶಾಗೆ ಫೋನ್ ಮಾಡಿಸಿ. ದಡಾರ ಇರುವವರ ಹತ್ತಿರ ಬಂದ 72 ಗಂಟೆಯೊಳಗೆ ಲಸಿಕೆ ಬಿದ್ದರೆ ಕಾಯಿಲೆ ತಡೆಯುವ ಸಾಧ್ಯತೆ ಇರುತ್ತದೆ, ಅದಕ್ಕೇ ಆತುರ. ದಡಾರ ಹಬ್ಬಿರುವ ಕಡೆ 6 ತಿಂಗಳು ದಾಟಿದ ಕೂಸುಗಳಿಗೆ ಒಂದು ಹೆಚ್ಚುವರಿ ಡೋಸ್ ಕೊಡುವುದುಂಟು, ಕೊಡಬೇಕಾ ಅಂತ ಅಲ್ಲಿನ ವೈದ್ಯಾಧಿಕಾರಿ ನೋಡಿ ಹೇಳುತ್ತಾರೆ. ಕೊಟ್ಟರೂ ಅದು ಲೆಕ್ಕಕ್ಕೆ ಬರುವುದಿಲ್ಲ, 9 ತಿಂಗಳಿಗೆ ಒಂದು, ಒಂದೂವರೆ ವರ್ಷಕ್ಕೆ ಇನ್ನೊಂದು ಆಗಲೇಬೇಕು ಅಂತ ತಾಯಿಗೆ ಬಿಡಿಸಿ ಹೇಳಿ.

ದದ್ದು ಬಂದಿರುವ ಮಗುವನ್ನು ಬೇರೆ ಮಕ್ಕಳ ಜೊತೆ ಬಿಡಬೇಡಿ. ದದ್ದು ಕಾಣುವ ನಾಲ್ಕು ದಿನ ಮುಂಚಿನಿಂದ ಕಂಡ ಮೇಲೆ ನಾಲ್ಕು ದಿನದವರೆಗೆ ಹರಡುತ್ತದೆ, ಆ ಮಗು ಎದ್ದು ಹೋದ ಮೇಲೂ ಎರಡು ಗಂಟೆ ಗಾಳಿಯಲ್ಲಿ ವೈರಸ್ ಇರಬಲ್ಲದು. ಆ ಮಗುವಿನ ರಕ್ತದ ಮಾದರಿ ತೆಗೆಯಬೇಕು, ವಿಟಮಿನ್ ಎ ಕೂಡ ಬೀಳಬೇಕು, ಅದನ್ನೂ ಆಶಾಗೆ ಹೇಳಿ. ಸಾಮಾನ್ಯ ಲಸಿಕೆ ದಿನ ನಮ್ಮಲ್ಲಿ ಗುರುವಾರ. ಆದರೆ ಶೆಡ್ಡುಗಳಲ್ಲಿ ದಡಾರ ಕಂಡಿದೆ ಅಂತ ಗೊತ್ತಾದರೆ ಗುರುವಾರದವರೆಗೆ ಕಾಯದೆ ಅವರೇ ಅಲ್ಲಿಗೆ ಬರುತ್ತಾರೆ. ಎಷ್ಟು ಮನೆ, ಐದು ವರ್ಷದೊಳಗಿನ ಮಕ್ಕಳು ಎಷ್ಟು ಅಂತ ಅಕ್ಕ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ, ಫೋನಿನಲ್ಲಿ ಕೇಳಿದ ತಕ್ಷಣ ಹೇಳಬಹುದು.